ಗಂಗುಲಪ್ಪ ಗುರುತಿಸಿದ ಕಲ್ಲು

ಸತ್ತ ಗಂಡ ಗಂಗುಲಪ್ಪನ ಕಾಲಿನ ಹೆಬ್ಬೆರಳೆರಡನ್ನೂ ಸೇರಿಸಿ ಬಟ್ಟೆಯಲ್ಲಿ ಬಿಗಿಯುತ್ತಿದ್ದ ಮುತ್ಯಾಲಮ್ಮ ಮಗಳ ಮಾತು ಕೇಳಿ ಕೈ ನಿಲ್ಲಿಸಿದಳು.

"ಮನೆ ಮುಂದೇನೇ ಬೋರಿಂಗ್ ಐತೆ. ಆ ಮುಳ್ಳು ಸರಿಸಿದ್ರೆ ಸ್ನಾನಕ್ಕೆ ನೀರಾಗುತ್ತೆ. ಸತ್ತೋರಿಗೆ ಯಾವ ವಿಷ ಹತ್ತುತ್ತಮ್ಮ?" ಎಂದಳು ಶೋಭಾರಾಣಿ.

"ಆ ನೀರು ಬೇಡ. ತೋಪಿನ ಟ್ಯಾಂಕಿಂದಲೇ ಬರ್ಲಿ."

"ಇವತ್ತೂನಾ?"

"ಇವತ್ತೂ."

ಪಕ್ಕದ ಮನೆಯ ತ್ರಿವೇಣಿ ಬಿಂದಿಗೆ ಎತ್ತಿಕೊಂಡು ಹೊರಟಳು. ಮಾವಿನ ತೋಪಿಗೆ ಒಂದು ಮೈಲಿ. ಒಂಬತ್ತು ವರ್ಷದಿಂದ ಊರಿನ ಹೆಂಗಸರು ಗಂಗುಲಪ್ಪನನ್ನು ಬೈದುಕೊಂಡೇ ನಡೆದ ದಾರಿ ಅದು.

*

ಖನಿಜ ಹುಡುಕುವ ಸರ್ವೆ ಕ್ಯಾಂಪಿನಲ್ಲಿ ಗಂಗುಲಪ್ಪ ಇಪ್ಪತ್ತೆಂಟು ವರ್ಷ ದಿನಗೂಲಿಯಾಗಿದ್ದ. ವಿಕಿರಣ ಅಳೆಯುವ ಮೆಷಿನ್ ಹೊತ್ತು ಸಾಹೇಬರ ಹಿಂದೆ ಗುಡ್ಡ ಸುತ್ತಿದವನು. ಕೆಲಸ ಬಿಟ್ಟು ಬಂದ ವರ್ಷವೇ ಬೋರಿಂಗ್ ಪಕ್ಕದ ಬಂಡೆಯಲ್ಲಿ ಕರಿಯ ಗಂಟೊಂದನ್ನು ಕಂಡು ಅಲ್ಲೇ ಕುಕ್ಕರುಗಾಲಿನಲ್ಲಿ ಕೂತುಬಿಟ್ಟ.

"ನೋಡೇ, ಡಾಂಬರಿನ ಥರ ಹೊಳೀತೈತೆ. ಸುತ್ತ ಬಿಳೀ ಕಲ್ಲು ಕೆಂಪಾಗಿ ಬಿರುಕು ಬಿಟ್ಟೈತೆ. ವಿಕಿರಣದ ಕಲ್ಲು ಹಿಂಗೇ ಇರೋದು. ಇದರ ವಿಷ ಬೋರಿಂಗ್ ನೀರಿಗೂ ಇಳಿದಿರುತ್ತೆ."

ಚೂರೊಂದನ್ನು ಒಡೆದು ಮುತ್ಯಾಲಮ್ಮನಿಗೆ ಕೊಟ್ಟ. ಹುಣಿಸೆಬೀಜದಷ್ಟಿದ್ದರೂ ಸೀಸದಂತೆ ಭಾರ.

ಮೆಷಿನ್ ಇಲ್ಲದೆ ಹೆಂಗೆ ಹೇಳ್ತೀಯ ಎಂದು ಪಂಚಾಯ್ತಿಯವರು ನಕ್ಕರು. ಅವನು ಬೋರಿಂಗಿಗೆ ಜಾಲಿಮುಳ್ಳು ಒಟ್ಟಿದ. ತೆಗೆದರು. ಮತ್ತೆ ಒಟ್ಟಿದ. ಕೊನೆಗೆ ಊರಿಗೆ ಹೆದರಿಕೆ ಹತ್ತಿತು. ಮುತ್ಯಾಲಮ್ಮನ ಮಂಡಿ ಸವೆದವು. "ನಿಂಗೆ ಖಾತ್ರಿನಾ?" ಎಂದು ಅವಳು ಒಂದು ದಿನವೂ ಕೇಳಲಿಲ್ಲ. ನೀರು ಇಳಿಸಿದ ಮೇಲೆ ಕೇಳುವ ತ್ರಾಣವೇ ಇರುತ್ತಿರಲಿಲ್ಲ.

*

ತ್ರಿವೇಣಿ ಮೂರನೇ ಬಿಂದಿಗೆಗೆ ಹೋಗಿದ್ದಾಗ ಕೋಲಾರದಿಂದ ಕಾಂತರಾಜ್ ಬಂದರು. ಕ್ಯಾಂಪಿನ ಹಳೆಯ ಸಾಹೇಬರು. ಹೋದ ವರ್ಷ ಗಂಗುಲಪ್ಪ ಅವರ ಮನೆಗೇ ಹೋಗಿ ಕಲ್ಲಿನ ಚೂರನ್ನೂ ಒಂದು ಬಾಟಲಿ ನೀರನ್ನೂ ಕೊಟ್ಟು ಬಂದಿದ್ದ. ಹೆಣಕ್ಕೆ ಹಾರ ಹಾಕಿ ಅವರು ಮುತ್ಯಾಲಮ್ಮನನ್ನು ಗೋಡೆಯ ಮರೆಗೆ ಕರೆದರು.

"ಕಲ್ಲು ಅವನು ಹೇಳಿದ್ದೇ ಅಮ್ಮ. ಸಮರ್‌ಸ್ಕೈಟ್ ಅಂತ, ಯುರೇನಿಯಂ ಇರೋ ಕಲ್ಲು. ನನ್ನ ಸರ್ವಿಸಲ್ಲೇ ಎರಡೇ ಸಲ ನೋಡಿದ್ದು. ಬರಿಗಣ್ಣಲ್ಲೇ ಗುರುತು ಹಿಡಿದಿದಾನೆ."

"ನೀರು?"

ಅವರು ತಲೆ ತಗ್ಗಿಸಿದರು. "ಎರಡು ಲ್ಯಾಬಲ್ಲಿ ನೋಡಿಸ್ದೆ. ನೀರಲ್ಲೇನೂ ಇಲ್ಲ. ಕುಡೀಬಹುದು. ಅದನ್ನೇ ಹೇಳೋಣ ಅಂತಿದ್ದೆ, ಅಷ್ಟರಲ್ಲಿ..."

ಮುತ್ಯಾಲಮ್ಮ ಗೋಡೆಗೆ ಬೆನ್ನು ಕೊಟ್ಟಳು. ಅಂಗಳದಲ್ಲಿ ಯಾರೋ ಚಟ್ಟಕ್ಕೆ ಬಿದಿರು ಸೀಳುತ್ತಿದ್ದರು.

"ಸಾರ್, ಇವತ್ತು ಯಾರಿಗೂ ಹೇಳ್ಬೇಡಿ. ಮಣ್ಣಾಗ್ಲಿ. ನಾಳೆ ನಾನೇ ಹೇಳ್ತೀನಿ. ಬೈಯೋದಿದ್ರೆ ನನ್ನೇ ಬೈಲಿ."

ತ್ರಿವೇಣಿ ಏದುಸಿರು ಬಿಡುತ್ತಾ ಒಳಬಂದಳು. "ಸಾಲುತ್ತಾ ಅಕ್ಕ? ಇನ್ನೊಂದು ತರ್ಲಾ?"

"ಸಾಕು ಕಣೇ."

ಮುತ್ಯಾಲಮ್ಮ ಬಿಂದಿಗೆಯನ್ನು ತಾನೇ ಇಳಿಸಿದಳು. ತ್ರಿವೇಣಿಯ ತಲೆಯ ಮೇಲಿನ ಒದ್ದೆ ಸಿಂಬೆಯನ್ನೂ ತೆಗೆದಳು. ಸಿಂಬೆ ಕೂರುವಷ್ಟಗಲ ನೆತ್ತಿಯ ಕೂದಲು ಉದುರಿ ಬೋಳಾಗಿತ್ತು. ಮುತ್ಯಾಲಮ್ಮ ಅದರ ಮೇಲೆ ಕೈಯಿಟ್ಟು, ಹೆಣದ ಸ್ನಾನಕ್ಕೆ ಕರೆಯುತ್ತಿದ್ದರೂ ತೆಗೆಯದೆ, ಹಾಗೇ ನಿಂತಿದ್ದಳು.