ಚಾಂದಿಯ ಹೆಗಲು

ಗಂಡನ ಹಣೆಗೆ ವಿಭೂತಿ ಬಳಿಯುತ್ತಿದ್ದ ಗಿರಿಜಾಂಬೆಯ ಕೈ ಅರ್ಧಕ್ಕೇ ನಿಂತಿತು. ಬೀದಿಯಲ್ಲಿ ಜಗಳ ಕೇಳಿಸುತ್ತಿತ್ತು.

“ಬಂಡಿ ಹಿಂದಕ್ಕೆ ಹೊಡಿ. ಇದು ಬಾಡಿಗೆ ಹುಡುಕೋ ಜಾಗ ಅಲ್ಲ.”

“ಬಾಡ್ಗೆಗೆ ಬಂದಿಲ್ಲ ಸ್ವಾಮಿ. ಸಾವ್ಕಾರ್ರನ್ನ ಕೂರುಸ್ಕೊಂಡು ಓಗೋಕೆ ಬಂದಿವ್ನಿ.”

ಎರಡೂ ದನಿ ಅವಳಿಗೆ ಗುರುತು. ಮೊದಲನೆಯದು ಕುದೂರಿನ ಧಾನ್ಯದ ವ್ಯಾಪಾರಿ, ಪ್ರಾಣಿದಯಾ ಸಂಘದ ಅಧ್ಯಕ್ಷ ಬಸವಲಿಂಗಯ್ಯನವರದು. ಎರಡನೆಯದು ಜಟಕಾ ಓಡಿಸುವ ರಸೂಲನದು. ಐದು ವರ್ಷದಿಂದ ಅವರಿಬ್ಬರೂ ಬೀದಿಯಲ್ಲಿ ಎದುರಾದರೆ ಮುಖ ತಿರುಗಿಸಿಕೊಂಡು ಹೋಗುತ್ತಿದ್ದರು. ಇವತ್ತು ಇಬ್ಬರನ್ನೂ ಒಂದೇ ಬಾಗಿಲಿಗೆ ಕರೆಸಿಕೊಂಡು, ಅವಳ ಗಂಡ ಗವಿಸಿದ್ದಯ್ಯನವರು ಮಾತ್ರ ಕಣ್ಣು ಮುಚ್ಚಿ ಗೋಡೆಗೊರಗಿ ಕೂತಿದ್ದರು. ಅಂಗೈಯಲ್ಲಿ ಲಿಂಗ, ಕೊರಳಲ್ಲಿ ಕಣಗಿಲೆಯ ಹಾರ. ನಿನ್ನೆ ಸಂಜೆ ಜವಳಿ ಅಂಗಡಿ ಮುಚ್ಚಿ, ಹಿತ್ತಿಲಿನ ಕುಂಟು ಎತ್ತುಗಳಿಗೆ ನೀರಿಟ್ಟು ಬಂದು ಜಗಲಿಯ ಕಂಬಕ್ಕೆ ತಲೆ ಆನಿಸಿದವರು ಮತ್ತೆ ಎತ್ತಲೇ ಇಲ್ಲ. ಊಟಕ್ಕೆ ಕರೆಯಲು ಹೊರಗೆ ಬಂದ ಗಿರಿಜಾಂಬ, ನಿದ್ದೆ ಹತ್ತಿರಬೇಕೆಂದು ಒಂದು ಗಳಿಗೆ ಸುಮ್ಮನೆ ನಿಂತಿದ್ದಳು.

ಅವಳು ಹೊಸ್ತಿಲಿಗೆ ಬಂದಳು. ರಸೂಲ ಜಟಕಾದ ಮೇಲಿನ ಕಮಾನು ಬಿಚ್ಚಿಟ್ಟು ಬಂದಿದ್ದ. ಹಲಗೆ ತೊಳೆದು, ಹುಲ್ಲು ಹರವಿ, ಮೇಲೊಂದು ಬಿಳಿ ಪಂಚೆ ಹಾಸಿದ್ದ. ಅವನ ಬಿಳಿ ಕುದುರೆ ಚಾಂದಿ ಬಾಲ ಬೀಸಿ ನೊಣ ಓಡಿಸುತ್ತಿತ್ತು.

“ನೀನೇ ಹೇಳು ತಾಯಿ,” ಎಂದರು ಬಸವಲಿಂಗಯ್ಯ. ರಾತ್ರಿಯೆಲ್ಲ ಅತ್ತ ಕಣ್ಣು ಕೆಂಪಾಗಿತ್ತು. “ಜೀವ ಇರೋತಂಕ ಮೂಕಪ್ರಾಣಿಗಳ ಪರವಾಗಿ ನಿಂತ ಮನುಷ್ಯ. ಅವನನ್ನ ಮಣ್ಣಿಗೆ ಒಯ್ಯೋಕೆ ಒಂದು ಮೂಕಪ್ರಾಣಿಗೆ ಭಾರ ಎಳಸ್ಬೇಕಾ? ನಾವು ಹೆಗಲು ಕೊಡ್ತೀವಿ.”

“ಈ ಕುದ್ರೆ ಬದುಕಿರೋದೇ ಅವ್ರಿಂದ ಅಮ್ಮಾವ್ರೆ,” ಎಂದ ರಸೂಲ.

“ಬದುಕಿಸಿದ್ದು ಯಾಕೆ? ಮತ್ತೆ ಬಂಡಿಗೆ ಕಟ್ಟೋಕಾ?”

ಗವಿಸಿದ್ದಯ್ಯನವರ ತಮ್ಮ ವೀರಭದ್ರಯ್ಯ ನಡುವೆ ಬಂದ. “ಅತ್ಗೆ, ಮಣ್ಣು ಮಾಡೋ ನಮ್ಮ ಹೊಲ ಇರೋದು ದೂರ, ಗುಡೇಮಾರನಹಳ್ಳಿ ಹಾದೀಲಿ. ಬಿಸ್ಲು ಏರ್ತಾ ಐತೆ. ಹೊರೋರೆಲ್ಲ ವಯಸ್ಸಾದೋರು. ಏನ್ ಮಾಡೋದು ಹೇಳಿ.”

ಗಿರಿಜಾಂಬ ಬಸವಲಿಂಗಯ್ಯನವರನ್ನೂ ರಸೂಲನನ್ನೂ ನೋಡಿದಳು.

“ಈ ಅಣ್ಣಾವ್ರ ಆಸೆ, ಅವ್ರೇ ಹೊರ್ಲಿ. ರಸೂಲ, ನೀನೂ ಬಾ. ಹಿಂದೆ ಬಾ.”

*

ಸಂಘ ಕಟ್ಟಿದ್ದು ಗವಿಸಿದ್ದಯ್ಯ, ಬಸವಲಿಂಗಯ್ಯ ಇಬ್ಬರೂ ಸೇರಿ. ಬಸವಲಿಂಗಯ್ಯನವರದು ಬಾಯಿಮಾತಿನ ದಯೆಯಲ್ಲ. ಭಾರ ತುಂಬಿದ ಗಾಡಿಯಡಿ ಕುಸಿದು ಸತ್ತ ಮನೆಯ ಎತ್ತನ್ನು ಕಂಡ ದಿನದಿಂದ ಅವರು ಯಾವ ಬಂಡಿಯನ್ನೂ ಹತ್ತಿರಲಿಲ್ಲ. ಮಾಗಡಿಯಾದರೂ ನಡಿಗೆ, ಮಗಳ ಮದುವೆಯ ದಿಬ್ಬಣಕ್ಕೂ ನಡಿಗೆ.

ಐದು ವರ್ಷದ ಹಿಂದೆ ಇಬ್ಬರೂ ಪೊಲೀಸಿನವನೊಬ್ಬನನ್ನು ಜೊತೆಗಿಟ್ಟುಕೊಂಡು ಮಾಗಡಿ ರಸ್ತೆಯಲ್ಲಿ ನಿಂತು ಬಂಡಿಗಳ ಎತ್ತು ಕುದುರೆಗಳನ್ನು ಪರೀಕ್ಷಿಸತೊಡಗಿದ್ದರು. ರಸೂಲನ ಕುದುರೆಯನ್ನು ಬಂಡಿಗೆ ಬಿಗಿದಿದ್ದ ಪಟ್ಟಿ ಸರಿಸಿ ನೋಡಿದರೆ ಹೆಗಲಲ್ಲಿ ಅಂಗೈಯಗಲದ ಹುಣ್ಣು. ಪೊಲೀಸಿನವನು ರಸೂಲನನ್ನು ಠಾಣೆಗೆ ಒಯ್ದ. ಕುದುರೆಯನ್ನು ದೊಡ್ಡಿಗೆ ಹೊಡೆದರು. ಬಸವಲಿಂಗಯ್ಯನವರಿಗೆ ಒಂದು ಜೀವ ಉಳಿಯಿತೆಂಬ ಸಮಾಧಾನ.

ಮಾರನೆಯ ದಿನ ಗವಿಸಿದ್ದಯ್ಯ ದೊಡ್ಡಿಗೆ ಹೋದರು. ಕುದುರೆಯ ಮುಂದೆ ಹುಲ್ಲಿರಲಿಲ್ಲ, ನೀರಿರಲಿಲ್ಲ. ಹುಣ್ಣಿನ ತುಂಬ ನೊಣ. ಅಲ್ಲಿಂದ ರಸೂಲನ ಮನೆಗೆ ಹೋದರು. ಅಲ್ಲಿಯೂ ಒಲೆ ಹತ್ತಿರಲಿಲ್ಲ. ಅವರು ಠಾಣೆಗೆ ಹೋಗಿ, ಇವನ ಜವಾಬ್ದಾರಿ ನನ್ನದು ಎಂದು ಬಿಡಿಸಿಕೊಂಡು ಬಂದರು. ಕುದುರೆಯನ್ನು ತಮ್ಮ ಹಿತ್ತಿಲಿನಲ್ಲಿ ಕಟ್ಟಿದರು. ಅದು ವಾಸಿಯಾಗುವವರೆಗೆ ದುಡಿದು ತಿನ್ನು ಎಂದು ತಮ್ಮ ಎತ್ತಿನ ಗಾಡಿಯನ್ನು ರಸೂಲನ ಕೈಗೆ ಕೊಟ್ಟರು.

ಅವತ್ತು ಸಂಘದವರೆಲ್ಲ ಇದೇ ಜಗಲಿಯ ಮೇಲೆ ಸೇರಿದ್ದರು.

“ಹಿಂಸೆ ಮಾಡಿದೋನಿಗೆ ಬಹುಮಾನ ಕೊಡ್ತೀಯಲ್ಲೋ ಗವಿಸಿದ್ದ!” ಎಂದರು ಬಸವಲಿಂಗಯ್ಯ.

“ಅವನು ಹಿಂಸೆ ಮಾಡ್ದ, ನಿಜ. ನಾವು ಮಾಡಿದ್ದೇನು? ಕುದ್ರೇನ ಉಪವಾಸ ಹಾಕಿದ್ವಿ, ಜೊತೆಗೆ ಅವನ ಮಕ್ಕಳನ್ನೂ.”

“ವಾಸಿ ಆದ್ಮೇಲೆ ಅದನ್ನ ಮತ್ತೆ ಕಟ್ತಾನೆ. ಆಗ?”

“ಕಟ್ಲಿ. ಹುಣ್ಣಾಗ್ದಂಗೆ ಕಟ್ಟೋದನ್ನ ಕಲೀಲಿ. ನಾನೂ ಕಲೀತೀನಿ.”

“ಹಂಗಾದ್ರೆ ಸಂಘದಲ್ಲಿ ನಿನಗೆ ಜಾಗ ಇಲ್ಲ.”

ಬಸವಲಿಂಗಯ್ಯ ಎದ್ದು ಹೋದರು. ಉಳಿದವರೂ ಹಿಂದೆಯೇ ಹೋದರು.

ಗಿರಿಜಾಂಬೆಗೆ ಸಿಟ್ಟು ಬಂದದ್ದು ಅದಕ್ಕಲ್ಲ. ಹಿತ್ತಿಲಿಗೆ ಬಂದ ಪ್ರತಿಯೊಂದು ಕುಂಟು ಕುರುಡು ಪ್ರಾಣಿಯ ಸಗಣಿ ಬಾಚಿದವಳು ಅವಳು. ಊರು ಹೊಗಳಿದ್ದು ಗಂಡನನ್ನು. ಅದನ್ನೂ ಸಹಿಸಿದ್ದಳು. ಒಂದು ಮಧ್ಯಾಹ್ನ ಹಿತ್ತಿಲಿಗೆ ಹೋದರೆ ಗಂಡ ಮತ್ತು ರಸೂಲ ಎದುರುಬದುರು ಕೂತು ಕುದುರೆಯ ಪಟ್ಟಿಗೆ ಮೆತ್ತೆ ಹೊಲಿಯುತ್ತಿದ್ದರು. ಮಡಿಚಿ ಮಡಿಚಿ ತುಂಬುತ್ತಿದ್ದದ್ದು ಅವಳ ಸತ್ತ ಅವ್ವನ ಸೀರೆ.

“ಅಂಗ್ಡಿ ತುಂಬ ಬಟ್ಟೆ ಐತಲ್ಲ!” ಎಂದು ಕೂಗಿದಳು.

“ಹೊಸ ಬಟ್ಟೆ ಒರಟು ಗಿರಿಜೆ. ಇಷ್ಟು ಮೆತ್ತಗಿರೋದು ಇನ್ಯಾವುದೂ ಸಿಗಲಿಲ್ಲ.”

“ಕೇಳ್ಬೇಕು ಅಂತ ಅನ್ನಿಸ್ಲಿಲ್ವಾ? ನಾಲ್ಗೆ ಇಲ್ದಿರೋವು ಅಂದ್ರೆ ಕರುಳು ಕಿತ್ತು ಬತ್ತದೆ. ನಂಗೆ ನಾಲ್ಗೆ ಇರೋದೇ ತಪ್ಪಾಯ್ತು ನೋಡಿ.”

ಗವಿಸಿದ್ದಯ್ಯನವರ ಕೈಯಿಂದ ಸೂಜಿ ಜಾರಿತು. ಅವಳು ಅವತ್ತೇ ಕಲ್ಯಕ್ಕೆ, ತವರಿಗೆ ಹೊರಟುಹೋದಳು.

ಒಂದು ತಿಂಗಳು ಅಲ್ಲಿದ್ದಳು. ಗಂಡ ಕರೆಯಲು ಬರಲಿಲ್ಲ. ಬಂದರೆ ಹೋಗಬಾರದು ಎಂದುಕೊಂಡಿದ್ದವಳಿಗೆ ಬಾರದಿದ್ದದ್ದು ಇನ್ನೂ ನೋವಾಯಿತು. ಕೊನೆಗೆ ಅಣ್ಣನೇ ಗಾಡಿ ಕಟ್ಟಿ ಕುದೂರಿಗೆ ಹೊರಟ. ಅರ್ಧ ದಾರಿಯಲ್ಲಿ ಅವಳ ಕಣ್ಣು ಎಡಗಡೆಯ ಎತ್ತಿನ ಹೆಗಲಿಗೆ ಹೋಯಿತು. ನೊಗದಡಿ ಚರ್ಮ ಕೆಂಪಗೆ ಸುಲಿದಿತ್ತು. ನೋಡಬಾರದು ಎಂದು ಆ ಕಡೆ ತಿರುಗಿದಳು. ಮತ್ತೆ ನೋಡಿದಳು.

“ಗಾಡಿ ನಿಲ್ಸಣ್ಣ.”

“ಯಾಕವ್ವ?”

“ಇಳೀತೀನಿ. ನಡ್ಕೊಂಡು ಬತ್ತೀನಿ.”

ಧೂಳು ಮೆತ್ತಿದ ಕಾಲಲ್ಲಿ ಅಂಗಳಕ್ಕೆ ಬಂದವಳನ್ನು ಕಂಡು ಗವಿಸಿದ್ದಯ್ಯ ಚೊಂಬಿನಲ್ಲಿ ನೀರು ತಂದು ತಾವೇ ಅವಳ ಕಾಲಿಗೆ ಹಾಕಿದರು. “ನಿನ್ನ ಕೇಳ್ಬೇಕಾಗಿತ್ತು,” ಎಂದರು. “ಕರ್ಯಾಕೂ ಬರ್ಬೇಕಾಗಿತ್ತು. ಮುಖ ಇರಲಿಲ್ಲ.” ಮುಂದಿನ ಮೆತ್ತೆಯನ್ನು ಅವಳೇ ಹೊಲಿದಳು. ಅವರ ಹೊಲಿಗೆ ಬಿಟ್ಟುಹೋಗುತ್ತಿತ್ತು.

*

ಊರ ಗಡಿ ದಾಟುವವರೆಗೆ ವಿಮಾನ ಚೆನ್ನಾಗಿಯೇ ಸಾಗಿತು. ಬಿದಿರಿನ ಆ ಪೀಠದ ಮೇಲೆ ಕೂತ ಗವಿಸಿದ್ದಯ್ಯ ಜನರ ತಲೆಯ ಮೇಲೆ ಮೆಲ್ಲಗೆ ತೂಗುತ್ತ ಹೋಗುತ್ತಿದ್ದರು. ಮುಂದಿನ ಬಲಗಂಬಕ್ಕೆ ಬಸವಲಿಂಗಯ್ಯ ಹೆಗಲು ಕೊಟ್ಟಿದ್ದರು. ಬದಲಿಗೆ ಯಾರು ಬಂದರೂ ಬಿಡಲಿಲ್ಲ. ರಸೂಲನ ಬರಿ ಬಂಡಿ ಹಿಂದೆ ಸದ್ದು ಮಾಡಿಕೊಂಡು ಬರುತ್ತಿತ್ತು.

ಬಯಲಿಗೆ ಬಂದಾಗ ಬಿಸಿಲು ನೆತ್ತಿ ಸುಡುತ್ತಿತ್ತು. ಬಸವಲಿಂಗಯ್ಯನವರ ಕಾಲು ಕಲ್ಲಿಗೆ ತಾಗಿತು. ವಿಮಾನ ಒಂದು ಕಡೆಗೆ ವಾಲಿ, ಹಾರ ಜಾರಿತು. ಹೆಂಗಸರು ಚೀರಿದರು. ವೀರಭದ್ರಯ್ಯ ಓಡಿ ಬಂದು ಹಿಡಿದುಕೊಂಡ. ಬಸವಲಿಂಗಯ್ಯ ಮಂಡಿಯೂರಿ ಬಿದ್ದರೂ ಕಂಬ ಬಿಟ್ಟಿರಲಿಲ್ಲ. ಹೆಗಲ ಮೇಲಿನ ಬಟ್ಟೆ ಸರಿದು, ಬಿದಿರು ಉಜ್ಜಿ ಚರ್ಮ ಕಿತ್ತು ಬಂದದ್ದು ಕಂಡಿತು.

ಗಿರಿಜಾಂಬ ಹತ್ತಿರ ಬಂದು ಆ ಹೆಗಲನ್ನು ನೋಡಿದಳು.

“ಇಳ್ಸಿ.”

“ಏನಾಗಿಲ್ಲ ತಾಯಿ, ಒಸಿ ಜಾರಿತು ಅಷ್ಟೆ. ನಾನು ಹೊರ್ತೀನಿ.”

“ನಿಮ್ಮದೂ ಜೀವಾನೇ ಅಲ್ವಾ ಅಣ್ಣಾವ್ರೆ? ಅವ್ರು ಎದ್ದು ಇದನ್ನ ನೋಡಿದ್ರೆ ನಂಗೆ ಬೈತಿದ್ರು. ಇಳ್ಸಿ.”

ರಸೂಲ ಬಂಡಿಯನ್ನು ತಂದು ಅಡ್ಡ ನಿಲ್ಲಿಸಿದ. ವಿಮಾನದಿಂದ ಇಳಿಸಿ ಗವಿಸಿದ್ದಯ್ಯನವರನ್ನು ಬಿಳಿ ಪಂಚೆಯ ಮೇಲೆ ಕೂರಿಸುವಾಗ ಬಸವಲಿಂಗಯ್ಯ ಬೇರೆ ಕಡೆ ನೋಡುತ್ತ ನಿಂತಿದ್ದರು. ಆಮೇಲೆ ಯಾರೋ ಹಿಡಿದಿದ್ದ ತಮ್ಮ ಛತ್ರಿ ಇಸಿದುಕೊಂಡು, ಬಿಚ್ಚದೆ ಕಂಕುಳಲ್ಲಿಟ್ಟು, ಎಲ್ಲರಿಗಿಂತ ಮುಂದೆ, ಒಬ್ಬರೇ, ಕುಂಟುತ್ತ ನಡೆದರು.

ಹೊಲಕ್ಕೆ ಮುಂಚೆ ಒಂದು ಏರು. ರಸೂಲ ಲಗಾಮು ಹಿಡಿದು ಕುದುರೆಯ ಪಕ್ಕದಲ್ಲೇ ನಡೆಯುತ್ತಿದ್ದ. ಅರ್ಧ ಹತ್ತಿದ ಮೇಲೆ ಚಾಂದಿ ತಾನಾಗಿ ನಿಂತುಬಿಟ್ಟಿತು. ಅದಕ್ಕೂ ವಯಸ್ಸಾಗಿತ್ತು. ಪಕ್ಕೆಗಳು ಜೋರಾಗಿ ಬಡಿಯುತ್ತಿದ್ದವು. ರಸೂಲ ಚಕ್ರಕ್ಕೆ ಕಲ್ಲು ಕೊಟ್ಟ.

“ಲೇ ರಸೂಲ, ಒಂದೇಟು ಹಾಕು,” ಎಂದ ವೀರಭದ್ರಯ್ಯ. “ಅಯ್ನೋರು ಗುಣಿ ತಾವ ಕಾಯ್ತಾವ್ರೆ. ಹೊತ್ತು ಮೀರ್ತದೆ.”

ರಸೂಲ ಗಿರಿಜಾಂಬೆಯ ಕಡೆ ನೋಡಿದ.

“ಕಾಯ್ಲಿ,” ಎಂದಳು ಅವಳು. “ಅದು ಉಸ್ರು ತಕ್ಕಳ್ಳಿ. ನಿಮ್ಮಣ್ಣಂಗೆ ಏನು ಅವಸರ ಐತೆ?”

ಜನ ಒಬ್ಬೊಬ್ಬರಾಗಿ ಹೊಂಗೆಯ ನೆರಳಿಗೆ ಸರಿದು ಕೂತರು. ಏರಿನ ತುದಿಯಲ್ಲಿ ನಿಂತು ತಿರುಗಿ ನೋಡುತ್ತಿದ್ದ ಬಸವಲಿಂಗಯ್ಯ ಇಳಿದು ಬಂದರು. ರಸೂಲನ ಮುಖ ನೋಡದೆ ಅವನ ಎದುರಿಗೇ ನಿಂತು, ಕಂಕುಳಲ್ಲಿದ್ದ ಕರಿ ಛತ್ರಿ ಬಿಚ್ಚಿ ಕುದುರೆಯ ತಲೆಯ ಮೇಲೆ ಹಿಡಿದರು. ರಸೂಲ ಇತ್ತ ಕಡೆಯಿಂದ ಪಟ್ಟಿಯ ಬಿಗಿ ಸಡಿಲಿಸಿದ. ಬಸವಲಿಂಗಯ್ಯನವರ ಬೋಳುನೆತ್ತಿಯಿಂದ ಬೆವರು ಇಳಿದು ಹೆಗಲ ಗಾಯಕ್ಕೆ ಸೇರುತ್ತಿತ್ತು. ಅವರು ಕೈ ಬದಲಿಸಲಿಲ್ಲ. ಬಂಡಿಯ ಮೇಲೆ ಗವಿಸಿದ್ದಯ್ಯನವರು ಹೂವಿನ ನಡುವೆ ನೆಟ್ಟಗೆ ಕೂತಿದ್ದರು. ಎಲ್ಲರೂ ಕುದುರೆಯ ಉಸಿರು ಇಳಿಯುವುದನ್ನೇ ನೋಡುತ್ತಿದ್ದರು.