ನಲವತ್ತೆರಡು ಕೆಂಪು ಬೈಕು

ಸಂಧ್ಯಾರಾಣಿಯ ಪಿಎಚ್.ಡಿ. ಪ್ರಬಂಧದ ನಾಲ್ಕನೇ ಅಧ್ಯಾಯದಲ್ಲಿ ನಲವತ್ತೆರಡು ಕೆಂಪು ಬೈಕುಗಳಿದ್ದವು. ಊರ ಹುಡುಗರು ಇನ್‌ಸ್ಟಾಗ್ರಾಂನಲ್ಲಿ ತಮ್ಮನ್ನು ಹೇಗೆ ತೋರಿಸಿಕೊಳ್ಳುತ್ತಾರೆ ಎಂದು ತಿಳಿಯಲು ಅವಳು ಎರಡು ವರ್ಷದಿಂದ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಎಂದು ಸ್ಕೂಟಿಯಲ್ಲಿ ಸುತ್ತಿದ್ದಳು. ನಲವತ್ತೆರಡು ಹುಡುಗರೂ ಕಪ್ಪು ಕನ್ನಡಕ ಹಾಕಿ ಕೆಂಪು ಬೈಕಿನ ಮೇಲೆ ಕೂತವರೇ. 'ಸ್ವಂತ ವಾಹನ' ಎಂಬ ಕಡೆ ಅಷ್ಟೂ ಜನಕ್ಕೆ 'ಇದೆ' ಎಂದು ಟಿಕ್ ಬಿದ್ದಿತ್ತು.

ಅಷ್ಟಕ್ಕೇ ಬಿಟ್ಟಿದ್ದರೆ ಹೋಗಲಿ ಅನ್ನಬಹುದಿತ್ತು. ಎಲ್ಲರೂ ಗಾಡಿಯ ಬಲಮಗ್ಗುಲನ್ನೇ ತೋರಿಸಿದ್ದಾರಲ್ಲ, ಯಾಕೆ? ಬಲಗೈ ಅಂದರೆ ಅಧಿಕಾರ, ಅಧಿಕಾರ ಅಂದರೆ ಗಂಡಸುತನ ಎಂದು ಮೂರು ಪುಟ ಬರೆದುಬಿಟ್ಟಿದ್ದಳು ಪುಣ್ಯಾತ್ಗಿತ್ತಿ. ಗೈಡ್ ರಂಗನಾಥ್ ಸರ್ ಪಕ್ಕದಲ್ಲಿ 'ಭೇಷ್' ಎಂದೂ ಬರೆದಿದ್ದರು. ಅಧ್ಯಾಯದ ಕೊನೆಯ ಪ್ರತಿ ಶುಕ್ರವಾರ ಅವರ ಕೈ ಸೇರಬೇಕಿತ್ತು.

ಬುಧವಾರ ಸವಳಂಗದಲ್ಲಿ ಸ್ಕೂಟಿ ಪಂಕ್ಚರ್ ಆಯಿತು. ಸುಬಾನಸಾಬರ ಗ್ಯಾರೇಜಿಗೆ ತಳ್ಳಿಕೊಂಡು ಹೋದಳು. ಸಾಬರು ಗಾಲಿ ಬಿಚ್ಚುತ್ತಿದ್ದಾಗ ಹಿಂದುಗಡೆ ನೋಡುತ್ತಾಳೆ, ಕೆಂಪು ಬೈಕು! ಅದರ ಮೇಲೆ ಅವಳ ಪಟ್ಟಿಯ ಮೂವತ್ತೊಂದನೇ ಹುಡುಗ, ಜಗಳೂರಿನ ಸುದೀಪ್. ಎರಡು ಬಸ್ ಬದಲಿಸಿ ಬಂದು, ನಂಬರ್ ಪ್ಲೇಟಿನ ಮೇಲೆ ತನ್ನ ಹೆಸರಿನ ಸ್ಟಿಕ್ಕರ್ ಅಂಟಿಸಿ ಕೂತಿದ್ದ. ಫೋಟೊ ತೆಗೆಯುತ್ತಿದ್ದವನು ಫಯಾಜ್. ಹಗಲು ಮನೆಗಳಿಗೆ ವೈರಿಂಗ್ ಮಾಡುವ ಈ ಹುಡುಗ ಇನ್‌ಸ್ಟಾಗ್ರಾಂನಲ್ಲಿ 'ಸವಳಂಗ ಸುಲ್ತಾನ್'. ಪಟ್ಟಿಯಲ್ಲಿ ಅವನೂ ಇದ್ದ.

ಸಂಧ್ಯಾರಾಣಿ ಬೈಕಿನ ಎಡಗಡೆಗೆ ಸುತ್ತಿ ಬಂದು ನೋಡಿದಳು. ಅಲ್ಲಿ ಏನೂ ಇರಲಿಲ್ಲ. ಬಲಗಡೆಯಿಂದ ಎಂಜಿನ್ನಿನಂತೆ ಕಂಡದ್ದು ಬರೀ ಹೊರಚಿಪ್ಪು; ಈ ಕಡೆ ಟೊಳ್ಳು, ಒಂದೆರಡು ವೈರು ಜೋತಾಡುತ್ತಿದ್ದವು.

"ಗುಜರಿಯಿಂದ ತಂದಿದ್ದಮ್ಮ," ಎಂದರು ಸುಬಾನಸಾಬರು. "ಎಡಗಡೆ ಸಾಮಾನೆಲ್ಲ ಬಿಚ್ಚಿ ಬ್ಯಾರೆ ಗಾಡಿಗಳಿಗೆ ಹಾಕೀನಿ. ಬಲಗಡೆ ಮಾತ್ರ ಮದುಮಗನಂಗೆ ಐತೆ. ಎಲ್ಲೆಲ್ಲಿಂದಲೋ ಹುಡುಗ್ರು ಬರ್ತಾವೆ, ಒರೆಸ್ತಾವೆ, ಕೂತ್ಕಂತಾವೆ, ಫಯಾಜನ ಕೈಲಿ ಫೋಟೊ ತೆಗೆಸ್ಕಂತಾವೆ, ಹೋಗ್ತಾವೆ. ನಂಗೂ ಒರೆಸೋ ಕೆಲ್ಸ ತಪ್ತು."

ಅಯ್ಯೋ ಶಿವನೇ! ನಲವತ್ತೆರಡು ಫೋಟೊದಲ್ಲೂ ಇದೊಂದೇ ಬೈಕು! ಮೂರು ಪುಟದ ಗಂಡಸುತನ ಅಲ್ಲೇ ನೆಲಕಚ್ಚಿತು. ಅವಳಿಗೆ ಮೊದಲು ನಾಚಿಕೆಯಾಯಿತು, ಆಮೇಲೆ ಸಿಟ್ಟು ಬಂತು. ರಂಗನಾಥ್ ಸರ್‌ಗೆ ಫೋನ್ ಮಾಡಿದರೆ ಅವರು, "ಗೊತ್ತಾದ ಮೇಲೆ ನಿಜಾನೇ ಬರೀಬೇಕಮ್ಮ. ಆದ್ರೆ ಹುಡುಗರ ಒಪ್ಪಿಗೆ ಸಹಿ ಇಲ್ದೆ ಅಧ್ಯಾಯ ತರಬೇಡ," ಎಂದು ಇಟ್ಟುಬಿಟ್ಟರು.

ಎಲ್ಲರ ಫೋಟೊ ತೆಗೆದವನು ಫಯಾಜ್. ಅವನು ಸಹಿ ಹಾಕಿದರೆ ಉಳಿದವರೂ ಹಾಕುತ್ತಾರೆ. ಅವನು ಒಲ್ಲೆ ಎಂದರೆ ಎರಡು ವರ್ಷದ ಕೆಲಸ ನೀರುಪಾಲು.

"ಎಲ್ಲ ಸೇರಿ ನಂಗೆ ಸುಳ್ಳು ಹೇಳಿದ್ರಲ್ಲೋ ಫಯಾಜ್?"

"ಎಲ್ಲಿ ಹೇಳಿದ್ವಿ ಅಕ್ಕಾ? ಗಾಡಿ ಐತಾ ಅಂತ ನೀವು ಕೇಳ್ಲೇ ಇಲ್ಲ. ಫೋಟೊ ನೋಡಿ ನೀವೇ ಟಿಕ್ ಹಾಕ್ಕಂಡ್ರಿ."

ಹೌದಲ್ಲ! ಅವಳು ಒಪ್ಪಿಗೆ ಪತ್ರ ಹೊರತೆಗೆದಳು. ಫಯಾಜ್ ಕೈ ಹಿಂದಕ್ಕೆ ಕಟ್ಟಿಕೊಂಡ.

"ಇದನ್ನ ಬರೆದ್ರೆ ನಮ್ ಮರ್ವಾದೆ ಏನಾಗ್ಬೇಕು?"

"ಹೆಸರು ಹಾಕಲ್ಲ ಕಣೋ."

"ಹೆಸರ್ಯಾಕೆ ಬೇಕು? ಬೈಕಿನ ಸುದ್ದಿ ಬಂದ್ರೆ ಸಾಕು, ಊರೆಲ್ಲ ನಗ್ತೈತೆ."

"ಇಲ್ಲದ್ದನ್ನ ಐತೆ ಅಂತ ತೋರ್ಸಾಕೆ ನಿಂಗೆ ನಾಚ್ಕೆ ಆಗಲ್ವಾ?"

ಮಾತು ಅವಳು ಅಂದುಕೊಂಡಿದ್ದಕ್ಕಿಂತ ಖಾರವಾಗಿ ಬಂತು. ಸುದೀಪ್ ಮೆಲ್ಲಗೆ ಬೈಕಿನಿಂದ ಇಳಿದ. ಫಯಾಜ್ ಮಾತ್ರ ಸಿಟ್ಟಾಗಲಿಲ್ಲ. ಫೋನಿನಲ್ಲಿ ಏನೋ ಹುಡುಕಿ ಅವಳ ಮುಂದೆ ಹಿಡಿದ. ಅವಳದೇ ಪ್ರೊಫೈಲ್, ಅವಳದೇ ನಗುಮುಖ, ಕೆಳಗೆ 'ಡಾ. ಸಂಧ್ಯಾರಾಣಿ'.

"ಡಾಕ್ಟ್ರು ಯಾವಾಗ ಆದ್ರಿ ಅಕ್ಕಾ?"

"ಅದು... ಬರ್ತೈತೆ. ಇನ್ನೊಂದು ವರ್ಷಕ್ಕೆ."

"ನಂಗೂ ಗಾಡಿ ಬರ್ತೈತೆ."

ಅವನ ದನಿಯಲ್ಲಿ ಕುಹಕವಿರಲಿಲ್ಲ. ಅದರಿಂದಲೇ ಅವಳಿಗೆ ಹೆಚ್ಚು ನೋವಾಯಿತು. ಟ್ಯೂಬನ್ನು ನೀರಲ್ಲಿ ಅದ್ದಿ ಗುಳ್ಳೆ ಹುಡುಕುತ್ತಿದ್ದ ಸುಬಾನಸಾಬರು ತಲೆ ಎತ್ತದೆ ಕಿಸಕ್ಕನೆ ನಕ್ಕರು.

ಸಂಧ್ಯಾರಾಣಿ ಅಲ್ಲೇ ಒಂದು ಹಳೇ ಟೈರಿನ ಮೇಲೆ ಕೂತು ಚೀಲದಿಂದ ಅಧ್ಯಾಯ ತೆಗೆದಳು. ಗಂಡಸುತನದ ಮೂರು ಪುಟಕ್ಕೆ ಅಡ್ಡಗೆರೆ ಎಳೆದಳು. 'ಇದೆ', 'ಇಲ್ಲ' ಎಂಬ ಎರಡು ಅಂಕಣಗಳ ನಡುವೆ ಇನ್ನೊಂದು ಬರೆದಳು: 'ಬರುತ್ತದೆ'. ನಲವತ್ತೆರಡು ಟಿಕ್ಕುಗಳನ್ನೂ ಅಲ್ಲಿಗೆ ಸರಿಸಿದಳು. ಆಮೇಲೆ ಕೆಳಗೆ ನಲವತ್ತಮೂರನೇ ಸಾಲು ಸೇರಿಸಿ, ಹುಡುಗರಿಗೆ ಬರೀ ನಂಬರ್ ಇದ್ದ ಆ ಪಟ್ಟಿಯಲ್ಲಿ ತನ್ನ ಪೂರ್ತಿ ಹೆಸರು ಬರೆದು ಅದಕ್ಕೂ 'ಬರುತ್ತದೆ' ಎಂಬಲ್ಲೇ ಟಿಕ್ ಹಾಕಿದಳು.

ಹಾಳೆಯನ್ನು ಫಯಾಜನ ಕೈಗಿಟ್ಟಳು. ಅವನು ಕೊನೆಯ ಸಾಲಿನವರೆಗೂ ಬೆರಳಿಟ್ಟು ಓದಿದ. ಆಮೇಲೆ ಪೆನ್ನು ಕೇಳಿದ.