ಪೆನ್ಸಿಲ್ ತರಬಾರದ ಕೋಣೆ

ಆಸ್ಪತ್ರೆಯ ಎಕ್ಸ್-ರೇ ವಿಭಾಗದಲ್ಲಿ ಕೆಲಸಕ್ಕಿದ್ದ ಆಕೆ ಮೇಲಿನ ಹಂತದ ಪರೀಕ್ಷೆಯೊಂದಕ್ಕೆ ಓದುತ್ತಿದ್ದಳು. ಬೇಕಾದ ಗಣಿತದ ಪುಸ್ತಕ ಗ್ರಂಥಾಲಯದಲ್ಲಿ ಒಂದೇ ಒಂದು ಇತ್ತು, ಮನೆಗೆ ಕೊಡುತ್ತಿರಲಿಲ್ಲ. ರಜೆಯ ದಿನ ಹೋಗಿ ಅಲ್ಲೇ ಕೂತು ಓದಬೇಕು. ಆದರೆ ಓದುವ ಕೋಣೆಗೆ ಪೆನ್ನು, ಪೆನ್ಸಿಲು, ಹಾಳೆ ಯಾವುದನ್ನೂ ಬಿಡುತ್ತಿರಲಿಲ್ಲ. ಬಾಗಿಲಲ್ಲೇ ಇಸಿದುಕೊಳ್ಳುತ್ತಿದ್ದರು.

ಮೊದಲ ದಿನ ಮನೆಗೆ ಬಂದಾಗ ನಾದಿನಿ ಕೇಳಿದಳು, "ಎಷ್ಟು ಪುಟ ಆಯ್ತು ಅತ್ತಿಗೆ?"

"ಒಂದು."

"ಬೆಳಗ್ಗೆಯಿಂದ ಒಂದೇ? ನಾನಾಗಿದ್ರೆ ಒಂದು ಕಾದಂಬರೀನೇ ಮುಗಿಸಿರ್ತಿದ್ದೆ!"

"ಕಾದಂಬರೀಲಿ ಸಾಲು ಸಾಲಿಗೂ ನಿಂತು 'ಇದು ಹೇಗೆ ಬಂತು' ಅಂತ ಕೇಳ್ಬೇಕಾಗಿಲ್ಲ ಕಣೇ. 'ಸುಲಭವಾಗಿ ತೋರಿಸಬಹುದು' ಅಂತ ಬರೆದು ಮುಂದೆ ಹೋಗ್ಬಿಡ್ತಾನೆ ಪುಸ್ತಕ ಬರೆದ ಪುಣ್ಯಾತ್ಮ. ತೋರಿಸ್ಕೊಳ್ಳೋಳು ನಾನು! ಸಣ್ಣ ಉದಾಹರಣೆ ಹಾಕಿ ನೋಡ್ಬೇಕು, ಚಿತ್ರ ಬಿಡಿಸ್ಬೇಕು. ಬರಿಗೈಲಿ ಹೇಗೆ? ಬೆರಳಲ್ಲೇ ಮೇಜಿನ ಮೇಲೆ ಬರೀತಿದ್ದೆ. ಅದಕ್ಕೂ ಬೈದ್ರು."

ನಾದಿನಿಯ ನಗು ನಿಂತುಹೋಯಿತು. "ಬೆರಳಿಗೂ ಬೈದ್ರಾ? ಮುಂದಿನ ಸಲ ನಾನೂ ಬರ್ತೀನಿ."

ಹೇಳಿದಂತೆ ಬಂದಳು. ಬಾಗಿಲಲ್ಲಿ ಗ್ರಂಥಪಾಲಕರು ಎಂದಿನಂತೆ ಕೈ ಚಾಚಿದರು. ಅತ್ತಿಗೆ ಪೆನ್ಸಿಲ್ ಕೊಡಲಿಲ್ಲ.

"ಯಾರೋ ಪುಸ್ತಕದ ತುಂಬ ಗೀಚಿಬಿಟ್ಟಿದ್ರು ಮೇಡಂ, ಅದಕ್ಕೇ ಈ ನಿಯಮ. ಇದು ಓದೋ ಕೋಣೆ, ಬರೆಯೋ ಕೋಣೆ ಅಲ್ಲ."

"ಗಣಿತದಲ್ಲಿ ಓದೋದು ಅಂದ್ರೇನೇ ಬರೆಯೋದು ಸಾರ್. ಕೈ ಕಟ್ಟಿಹಾಕಿ ಊಟಕ್ಕೆ ಕೂರಿಸಿದ ಹಾಗಾಯ್ತು ಇದು."

ನಾದಿನಿಗೆ ತಡೆಯಲಾಗಲಿಲ್ಲ. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ತೀರಲ್ಲ ಸಾರ್! ಗೀಚಿದೋರು ಯಾರೋ, ಬರೆ ನಮ್ಮತ್ತಿಗೆಗೆ! ನಿಮಗೆ ಬರೆ ಹಾಕೋಕೆ ಬರುತ್ತೆ, ಬರೆಯೋಕೆ ಮಾತ್ರ ಬಿಡಲ್ಲ!"

ಒಳಗಿದ್ದವರು ತಲೆ ಎತ್ತಿದರು. ಯಾರೋ ಕಿಸಕ್ಕನೆ ನಕ್ಕರು. ಮೂಲೆಯಲ್ಲಿದ್ದ ಮುದುಕರೊಬ್ಬರು, "ನಂಗೂ ಒಂದು ಪೆನ್ಸಿಲ್ ಬೇಕಿತ್ತು" ಎಂದು ಎದ್ದು ನಿಂತರು. ಅವರ ಹಿಂದೆ ಇನ್ನಿಬ್ಬರು ಎದ್ದರು.

ಗ್ರಂಥಪಾಲಕರ ಮುಖ ಕೆಂಪಾಯಿತು. "ಪೆನ್ಸಿಲು, ಹಾಳೆ ಮಾತ್ರ. ಪೆನ್ನು ಬೇಡ," ಎಂದು ಗೊಣಗಿದರು. "ಪುಸ್ತಕ ವಾಪಸ್ ಕೊಡುವಾಗ ಒಂದೊಂದು ಪುಟಾನೂ ನೋಡ್ತೀನಿ."

"ಧಾರಾಳವಾಗಿ ನೋಡಿ," ಎಂದಳು ಅತ್ತಿಗೆ.

ಸುಲಭ ಎಂದು ಪುಸ್ತಕ ಬಿಟ್ಟುಹೋಗಿದ್ದ ಆ ಒಂದು ಸಾಲನ್ನು ಬಿಡಿಸಿಕೊಳ್ಳಲು ಎರಡು ಹಾಳೆ ಹಿಡಿದವು. ಹೊಡೆದುಹಾಕಿ, ಮತ್ತೆ ಬರೆದು, ಮಧ್ಯಾಹ್ನ ದಾಟಿದ ಮೇಲೆ ಒಮ್ಮೆಲೇ ತಿಳಿಯಿತು. ತಿಳಿದ ಕೂಡಲೇ ಸಂತೋಷಕ್ಕಿಂತ ಸಿಟ್ಟೇ ಹೆಚ್ಚು ಬಂತು: ಇದನ್ನು ಆತ ನಾಲ್ಕು ಸಾಲಲ್ಲಿ ಬರೆದಿದ್ದರೆ ಗಂಟೇನು ಹೋಗುತ್ತಿತ್ತು?

ಹೊರಡುವಾಗ ನಾದಿನಿ ಪಿಸುಗುಟ್ಟಿದಳು, "ಅವರಿಗೊಂದು ಥ್ಯಾಂಕ್ಸ್ ಹೇಳಲ್ವಾ?"

"ಯಾಕೆ? ನನ್ನ ಕೈ ನಂಗೇ ವಾಪಸ್ ಕೊಟ್ಟಿದ್ದಕ್ಕಾ?" ಎಂದು ಆಕೆ ದಡದಡನೆ ಮೆಟ್ಟಿಲಿಳಿದಳು.